ಅಜ್ಜನ ಎದೆಯ ಬಾಗಿಲು ಎಷ್ಟು ತೆರೆಯುತ್ತಿದೆ?



ನವೆಂಬರ್ ಬಂತೆಂದರೆ ಮಸ್ಕತ್ತಿನ ನಮ್ಮ ಮನೆಗಳಿಗೆ ಊರಿನಿಂದ ಅಜ್ಜ-ಅಜ್ಜಿ ಬರುವ ಕಾಲ. ಸೂಟ್‌ಕೇಸ್ ಬಿಚ್ಚಿದರೆ ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ. ಅದರಡಿಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಕವರಿನಲ್ಲಿ ಮಾತ್ರೆಗಳು, ಮಡಚಿ ಮಡಚಿ ಹರಿಯುವಂತಾದ ಹಳೆಯ ರಿಪೋರ್ಟುಗಳು. ಉಪ್ಪಿನಕಾಯಿ ಅಡುಗೆಮನೆಗೆ ಹೋಗುತ್ತದೆ, ಕವರು ಕಪಾಟಿನ ಮೇಲಕ್ಕೆ ಹೋಗುತ್ತದೆ. ಈ ಸಲ ಆ ಕವರನ್ನು ಕೆಳಗಿಳಿಸಿ. ಅದರಲ್ಲಿ ‘ಎಕೋ’ ಎಂಬ ಹೃದಯ ಸ್ಕ್ಯಾನಿನ ಹಾಳೆಯೊಂದು ಇದ್ದರೆ, ಅದರಲ್ಲಿ ‘ಏಯಾರ್ಟಿಕ್ ಸ್ಟೆನೋಸಿಸ್’ ಅಥವಾ ಬರೀ ‘ಎಎಸ್’ ಎಂದು ಬರೆದಿದ್ದರೆ, ಈ ಲೇಖನ ನಿಮಗಾಗಿಯೇ.

‘ಅದು ಮೈಲ್ಡ್ ಅಂತೆ, ಏನೂ ತೊಂದರೆ ಇಲ್ಲ ಅಂದರು ಡಾಕ್ಟರು’ ಎನ್ನುತ್ತಾರೆ ಅಜ್ಜ. ಡಾಕ್ಟರು ಹೇಳಿದ್ದು ನಿಜವೇ ಇರಬಹುದು. ಆದರೆ ಹೇಳಿದ್ದು ಯಾವಾಗ? ಆರು ವರ್ಷದ ಹಿಂದೆಯೇ? ಈ ಕಾಯಿಲೆಯ ಸ್ವಭಾವವೇ ಅಂಥದ್ದು. ಅದು ಒಂದು ಕಡೆ ನಿಲ್ಲುವುದಿಲ್ಲ, ನಡೆಯುವಾಗ ಸದ್ದೂ ಮಾಡುವುದಿಲ್ಲ.

ರೂಪಾಯಿಯಿಂದ ಗುಂಡಿಗೆ

ನಮ್ಮ ಹೃದಯಕ್ಕೆ ನಾಲ್ಕು ಬಾಗಿಲು. ಅವನ್ನು ಕವಾಟಗಳು ಎನ್ನುತ್ತೇವೆ. ಕವಾಟ ಎಂದರೆ ಬಾಗಿಲೇ. ಎಡಗಡೆಯ ಕೆಳಕೋಣೆಯಿಂದ ಶುದ್ಧ ರಕ್ತ ಇಡೀ ಮೈಗೆ ಹೊರಡುವ ಹೆಬ್ಬಾಗಿಲೇ ಮಹಾಪಧಮನಿಯ ಕವಾಟ. ಡಾಕ್ಟರುಗಳ ಬಾಯಲ್ಲಿ ಏಯಾರ್ಟಿಕ್ ವಾಲ್ವ್. ಅದಕ್ಕೆ ಮೂರು ತೆಳ್ಳನೆಯ ಎಸಳುಗಳು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಅವು ತೆರೆದು ಮುಚ್ಚುತ್ತವೆ, ಭಾನುವಾರದ ರಜೆಯೂ ಇಲ್ಲ, ಇಲ್ಲಿನ ಶುಕ್ರವಾರದ ರಜೆಯೂ ಇಲ್ಲ.

ಚೆನ್ನಾಗಿರುವ ಕವಾಟ ಪೂರ್ತಿ ತೆರೆದಾಗ ಆಗುವ ದಾರಿ 3ರಿಂದ 4 ಚದರ ಸೆಂಟಿಮೀಟರ್. ಮಕ್ಕಳೇ, ಊರಿನಿಂದ ತಂದ ಚಿಲ್ಲರೆಯಲ್ಲಿ ಈಗ ಚಲಾವಣೆಯಲ್ಲಿರುವ ಸಣ್ಣ ಒಂದು ರೂಪಾಯಿ ನಾಣ್ಯ ಇದ್ದರೆ ಕೈಗೆತ್ತಿಕೊಳ್ಳಿ. ಅದರ ಅಡ್ಡಳತೆ ಸುಮಾರು 22 ಮಿಲಿಮೀಟರ್. ಹೆಚ್ಚುಕಡಿಮೆ ಅಷ್ಟು ದೊಡ್ಡ ದಾರಿ. ವಯಸ್ಸಾದಂತೆ ಕೆಲವರ ಎಸಳುಗಳಲ್ಲಿ ಸುಣ್ಣ ಕೂರುತ್ತದೆ, ಎಸಳು ದಪ್ಪವಾಗುತ್ತದೆ, ಬಿರುಸಾಗುತ್ತದೆ. ದಾರಿ 1 ಚದರ ಸೆಂಟಿಮೀಟರಿಗೆ ಇಳಿದರೆ ಅದು ತೀವ್ರ ಹಂತ. ಎಷ್ಟು ದೊಡ್ಡದು ಅದು? ಅಪ್ಪನ ಷರ್ಟಿನ ಗುಂಡಿಯಷ್ಟು. ಮೊದಲು ರೂಪಾಯಿಯ ಅಗಲದಲ್ಲಿ ಹೋಗುತ್ತಿದ್ದ ಅದೇ ರಕ್ತ ಈಗ ಗುಂಡಿಯ ಅಗಲದಲ್ಲಿ ನುಗ್ಗಬೇಕು.

ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ 75 ದಾಟಿದವರಲ್ಲಿ ಸುಮಾರು ಎಂಟರಲ್ಲಿ ಒಬ್ಬರಿಗೆ ಈ ಕಿರಿದಾಗುವಿಕೆ ಒಂದಲ್ಲ ಒಂದು ಪ್ರಮಾಣದಲ್ಲಿ ಇದೆ. ಅಪರೂಪದ ಕಾಯಿಲೆಯಲ್ಲ ಇದು.

ಫಲಜಿನ ನೀರು ಹೇಳುವ ಲೆಕ್ಕ

ನಿಜ್ವಾಕ್ಕೆ ಹೋದವರು ಫಲಜ್ ದಾರಿಸ್ ನೋಡಿರುತ್ತೀರಿ. 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಒಮಾನಿನ ಐದು ಫಲಜುಗಳಲ್ಲಿ ಅದೂ ಒಂದು. ಅಲ್ಲಿ ಕಾಲು ಇಳಿಬಿಟ್ಟು ಕುಳಿತಾಗ ಗಮನಿಸಿದ್ದೀರಾ? ಕಾಲುವೆ ಅಗಲವಾದಲ್ಲಿ ನೀರು ಮೆಲ್ಲಗೆ ಹರಿಯುತ್ತದೆ, ಕಿರಿದಾದಲ್ಲಿ ಓಡುತ್ತದೆ. ಗಿಡಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೂ ಅದೇ ಆಟ. ದಾರಿ ಚಿಕ್ಕದಾದಷ್ಟೂ ವೇಗ ಹೆಚ್ಚು.

ಎಕೋ ಸ್ಕ್ಯಾನ್ ಮಾಡುವವರು ಅಳೆಯುವುದೂ ಮುಖ್ಯವಾಗಿ ಇದನ್ನೇ. ಸುಲ್ತಾನ್ ಕಾಬೂಸ್ ಹೆದ್ದಾರಿಯಲ್ಲಿ ಆಂಬುಲೆನ್ಸ್ ಹತ್ತಿರ ಬರುವಾಗ ಅದರ ಸದ್ದು ಕೀರಲಾಗಿ ಕೇಳಿ, ದಾಟಿ ಹೋದ ಕೂಡಲೇ ದಪ್ಪವಾಗುತ್ತದಲ್ಲ, ಆ ಡಾಪ್ಲರ್ ತತ್ವದಿಂದಲೇ ರಕ್ತ ಎಷ್ಟು ವೇಗವಾಗಿ ಹೋಗುತ್ತಿದೆ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಸೂಜಿ ಇಲ್ಲ, ನೋವಿಲ್ಲ. ಎದೆಗೆ ತಣ್ಣನೆಯ ಜೆಲ್ ಹಚ್ಚುತ್ತಾರೆ, ಅಷ್ಟೇ. ಆರೋಗ್ಯವಂತರಲ್ಲಿ ಕವಾಟ ದಾಟುವ ರಕ್ತದ ವೇಗ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. 2 ಮೀಟರ್ ಮುಟ್ಟಿದರೆ ಮೈಲ್ಡ್ ಎಂದರೆ ಸೌಮ್ಯ, 3 ಮುಟ್ಟಿದರೆ ಮಾಡರೇಟ್ ಎಂದರೆ ಮಧ್ಯಮ, 4 ಅಥವಾ ಅದಕ್ಕಿಂತ ಹೆಚ್ಚಾದರೆ ಸಿವಿಯರ್ ಎಂದರೆ ತೀವ್ರ.

ಎಂಟನೇ ಕ್ಲಾಸಿನವರು ಈಗ ಪೆನ್ಸಿಲ್ ತೆಗೆದುಕೊಳ್ಳಿ. ಕವಾಟದ ಆಚೆಗೂ ಈಚೆಗೂ ಇರುವ ಒತ್ತಡದ ವ್ಯತ್ಯಾಸ ತಿಳಿಯಲು ಡಾಕ್ಟರುಗಳು ಬಳಸುವ ಸೂತ್ರ ಬಹಳ ಸರಳ: ವೇಗವನ್ನು ವರ್ಗ ಮಾಡಿ, ನಾಲ್ಕರಿಂದ ಗುಣಿಸಿ. ವೇಗ 2 ಇದ್ದರೆ ವ್ಯತ್ಯಾಸ 16. ವೇಗ 3 ಇದ್ದರೆ 36. ವೇಗ 4 ಇದ್ದರೆ 64. ವೇಗ 5 ಆದರೆ ಬರೋಬ್ಬರಿ 100. ಬಿಪಿ ಅಳೆಯುವ ಪಾದರಸದ ಮಿಲಿಮೀಟರುಗಳಲ್ಲೇ ಈ ಲೆಕ್ಕ. ವೇಗ ಎರಡರಿಂದ ನಾಲ್ಕಕ್ಕೆ, ಅಂದರೆ ದುಪ್ಪಟ್ಟಾದರೆ, ಹೃದಯದ ಮೇಲಿನ ಹೊರೆ ನಾಲ್ಕು ಪಟ್ಟಾಯಿತು. ಮೂರು ಇದ್ದದ್ದು ನಾಲ್ಕಾಯಿತು, ಒಂದೇ ತಾನೇ ಹೆಚ್ಚಾಗಿದ್ದು ಎಂದುಕೊಳ್ಳುವ ದೊಡ್ಡವರಿಗೆ ಈ ಗುಣಾಕಾರ ಮಾಡಿ ತೋರಿಸಿ.

ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿಯಲ್ಲಿ ಇದು ಕಾಣುವುದಿಲ್ಲ. ಅಲ್ಲಿ 120 ಎಂದು ತೋರಿಸುತ್ತಿರುವಾಗಲೂ ಕವಾಟದ ಹಿಂದಿನ ಕೋಣೆ ಅದಕ್ಕಿಂತ ಎಷ್ಟೋ ಹೆಚ್ಚು ಒತ್ತಡ ಹಾಕಿ ದುಡಿಯುತ್ತಿರಬಹುದು. ಜಿಮ್ಮಿಗೆ ಹೋದವರ ತೋಳಿನಂತೆ ಅದರ ಗೋಡೆ ದಪ್ಪವಾಗುತ್ತದೆ. ತೋಳು ದಪ್ಪವಾದರೆ ಚೆಂದ. ಹೃದಯದ ಗೋಡೆ ದಪ್ಪವಾದರೆ ಅದು ಬಿಗಿಯಾಗುತ್ತದೆ, ಕೊನೆಗೆ ಸೋಲುತ್ತದೆ.

ವರ್ಷಕ್ಕೆ ಎಷ್ಟು?

ಎಲ್ಲರೂ ಕೇಳುವ ಪ್ರಶ್ನೆ ಇದು. ಅಮೆರಿಕದ ಸಿಯಾಟಲ್‌ನಲ್ಲಿ ಕ್ಯಾಥರೀನ್ ಆಟೊ ಮತ್ತು ಸಂಗಡಿಗರು ಯಾವ ತೊಂದರೆಯೂ ಇಲ್ಲದ 123 ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಂದಿಗೂ ಡಾಕ್ಟರುಗಳು ನೆನೆಯುವ ಅಧ್ಯಯನ ಅದು. ಸರಾಸರಿಯಲ್ಲಿ ರಕ್ತದ ವೇಗ ವರ್ಷಕ್ಕೆ 0.3 ಮೀಟರಿನಷ್ಟು ಏರಿತು, ದಾರಿ ವರ್ಷಕ್ಕೆ 0.1 ಚದರ ಸೆಂಟಿಮೀಟರಿನಷ್ಟು ಕುಗ್ಗಿತು. ಈ ಲೆಕ್ಕದಲ್ಲಿ ಒಂದೂವರೆ ಚದರ ಸೆಂಟಿಮೀಟರ್ ದಾರಿ ಇರುವವರು ಸುಮಾರು ಐದು ವರ್ಷದಲ್ಲಿ ತೀವ್ರ ಹಂತಕ್ಕೆ ಬರುತ್ತಾರೆ.

ಆದರೆ ಸರಾಸರಿ ಎಂಬ ಮಾತನ್ನು ನಂಬಿ ಕೂರಬೇಡಿ. ಅದೇ ಗುಂಪಿನಲ್ಲಿ ಕೆಲವರ ಕವಾಟ ವರ್ಷಗಟ್ಟಲೆ ಇದ್ದ ಹಾಗೇ ಇತ್ತು, ಕೆಲವರದು ಸರಾಸರಿಯ ಎರಡು ಪಟ್ಟು ಓಡಿತು. ನಿಮ್ಮ ಅಜ್ಜ ಯಾವ ಗುಂಪಿನವರು ಎಂದು ಒಂದೇ ಒಂದು ರಿಪೋರ್ಟ್ ನೋಡಿ ಯಾರೂ ಹೇಳಲಾರರು. ಎರಡು ರಿಪೋರ್ಟ್ ಬೇಕು, ನಡುವೆ ಕಾಲ ಕಳೆದಿರಬೇಕು. ಹಳೆಯ ಹಾಳೆಗೆ ಇಷ್ಟು ಬೆಲೆ ಬರುವುದು ಈ ಕಾರಣಕ್ಕೆ. ಊರಿನಲ್ಲಿ ಮಾಡಿಸಿದ್ದನ್ನು ಎಸೆದು ಇಲ್ಲಿ ಹೊಸದಾಗಿ ಮಾಡಿಸಿದರೆ ಕೈಯಲ್ಲಿ ಮತ್ತೆ ಒಂದೇ ರಿಪೋರ್ಟ್!

ಒಂದು ಎಚ್ಚರ. ಎರಡು ರಿಪೋರ್ಟುಗಳ ನಡುವೆ 0.1ರಷ್ಟು ವ್ಯತ್ಯಾಸ ಕಂಡರೆ ಗಾಬರಿ ಬೇಡ. ಅಳೆಯುವ ಕೈ ಬದಲಾದರೂ ಅಷ್ಟು ಆಗುತ್ತದೆ. ಇನ್ನು ಹೃದಯವೇ ಬಲ ಕಳೆದುಕೊಂಡಿದ್ದರೆ ಕವಾಟ ತೀರ ಕಿರಿದಾಗಿದ್ದರೂ ವೇಗ ಕಡಿಮೆ ಕಾಣಬಹುದು. ಹಾಗಾಗಿ ಸಂಖ್ಯೆ ಓದಲು ಕಲಿಯಿರಿ, ತೀರ್ಪನ್ನು ಹೃದಯ ತಜ್ಞರಿಗೆ ಬಿಡಿ.

ಯಾರದು ಬೇಗ ಓಡುತ್ತದೆ?

ಸಿಯಾಟಲಿನ ಅಧ್ಯಯನವೇ ಮೊದಲ ಉತ್ತರ ಕೊಟ್ಟಿತು: ಹೊರಟಾಗ ಎಲ್ಲಿದ್ದರು ಎಂಬುದು. ಆರಂಭದಲ್ಲಿ ವೇಗ 3ಕ್ಕಿಂತ ಕಡಿಮೆ ಇದ್ದವರಲ್ಲಿ ಎರಡು ವರ್ಷದ ನಂತರ ಶೇ. 84 ಮಂದಿ ಕವಾಟ ಬದಲಿಸಿಕೊಳ್ಳದೆಯೇ ಜೀವಂತ ಇದ್ದರು. 3ರಿಂದ 4 ಇದ್ದವರಲ್ಲಿ ಶೇ. 66. 4ನ್ನು ದಾಟಿದ್ದವರಲ್ಲಿ ಶೇ. 21 ಮಾತ್ರ. ಇವರೆಲ್ಲ ಆರಂಭದಲ್ಲಿ ‘ನನಗೇನೂ ಆಗಿಲ್ಲ’ ಎನ್ನುತ್ತಿದ್ದವರೇ ಎಂಬುದನ್ನು ನೆನಪಿಡಿ.

ಎರಡನೆಯದು ಸುಣ್ಣ. ವಿಯೆನ್ನಾದ ವೈದ್ಯರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಲ್ಲರದೂ ತೀವ್ರ ಹಂತ, ಯಾರಿಗೂ ಲಕ್ಷಣ ಇರಲಿಲ್ಲ. ಎಸಳಿನಲ್ಲಿ ಸುಣ್ಣ ಇಲ್ಲದವರು, ಅಲ್ಪಸ್ವಲ್ಪ ಇದ್ದವರಲ್ಲಿ ನಾಲ್ಕು ವರ್ಷ ನಿರಾತಂಕವಾಗಿ ಕಳೆದವರು ಶೇ. 75. ಸುಣ್ಣ ಹೆಚ್ಚಿದ್ದವರಲ್ಲಿ ಶೇ. 20. ಸುಣ್ಣವೂ ಹೆಚ್ಚಿದ್ದು, ಒಂದು ವರ್ಷದೊಳಗೆ ವೇಗವೂ 0.3ರಷ್ಟು ಏರಿದವರ ಪೈಕಿ ಶೇ. 79 ಮಂದಿ ಎರಡೇ ವರ್ಷದಲ್ಲಿ ಶಸ್ತ್ರಚಿಕಿತ್ಸೆಗೆ ಬಂದರು ಅಥವಾ ತೀರಿಕೊಂಡರು. ಹಾಗಾಗಿ ರಿಪೋರ್ಟಿನಲ್ಲಿ ‘ಕ್ಯಾಲ್ಸಿಫೈಡ್’ ಎಂಬ ಪದ ಇದೆಯೇ, ಅದರ ಹಿಂದೆ ‘ಹೆವಿಲಿ’ ಎಂದಿದೆಯೇ, ನೋಡಿ. ಅನುಮಾನ ಇದ್ದಲ್ಲಿ ಈಗ ಸಿಟಿ ಸ್ಕ್ಯಾನಿನಿಂದ ಸುಣ್ಣಕ್ಕೆ ಅಂಕ ಕೊಡುತ್ತಾರೆ. ಗಂಡಸರಿಗೆ 2000, ಹೆಂಗಸರಿಗೆ 1200 ದಾಟಿದರೆ ತೀವ್ರ ಹಂತದ ಸಾಧ್ಯತೆ ಹೆಚ್ಚು. ಹೆಂಗಸರ ಕವಾಟ ಕಡಿಮೆ ಸುಣ್ಣಕ್ಕೇ ಬಿಗಿಯುತ್ತದೆ ಎಂಬುದನ್ನು ಅಜ್ಜಿಯ ವಿಷಯದಲ್ಲಿ ಮರೆಯಬೇಡಿ.

ಇಲ್ಲಿ ನಮ್ಮವರ ಪ್ರಶ್ನೆ ಬಂದೇ ಬರುತ್ತದೆ: ‘ಹಾಗಾದರೆ ರಾಗಿಮುದ್ದೆ, ಹಾಲು ಬಿಡಬೇಕಾ?’ ಬೇಡ. ಊಟದ ಕ್ಯಾಲ್ಸಿಯಂ ನೇರವಾಗಿ ಹೋಗಿ ಕವಾಟದಲ್ಲಿ ಕೂರುವುದಿಲ್ಲ. ಎಸಳಿನ ಒಳಗೆ ಉರಿಯೂತ ಎದ್ದು, ಅಲ್ಲಿನ ಜೀವಕೋಶಗಳು ಮೂಳೆ ಕಟ್ಟುವ ಕೋಶಗಳಂತೆ ವರ್ತಿಸಲು ಶುರುಮಾಡುವುದರಿಂದ ಆಗುವ ಕೆಲಸ ಇದು. ಕ್ಯಾಲ್ಸಿಯಂ ಮಾತ್ರೆಯನ್ನು ವರ್ಷಗಟ್ಟಲೆ ಯಾರನ್ನೂ ಕೇಳದೆ ನುಂಗುತ್ತಿರುವವರು ಮಾತ್ರ ಅದನ್ನು ಡಾಕ್ಟರ ಮುಂದೆ ಇಡಿ.

ಮೂರನೆಯದು ಹುಟ್ಟಿನಿಂದ ಬರುವಂಥದ್ದು. ನೂರಕ್ಕೆ ಒಬ್ಬರು, ಹೆಚ್ಚೆಂದರೆ ಇಬ್ಬರಲ್ಲಿ ಮೂರು ಎಸಳಿನ ಬದಲು ಎರಡೇ ಇರುತ್ತವೆ. ಅಂಥ ಕವಾಟದ ಚಿತ್ರವನ್ನು ಐನೂರು ವರ್ಷದ ಹಿಂದೆಯೇ ಲಿಯೊನಾರ್ಡೊ ಡ ವಿಂಚಿ ಬರೆದಿಟ್ಟಿದ್ದಾನೆ. ಮೊನಾಲಿಸಾ ಬರೆದವನೇ! ‘ಟರ್ಮಿನೇಟರ್’ ಸಿನಿಮಾದ ಅರ್ನಾಲ್ಡ್ ಶ್ವಾರ್ಟ್ಸ್‌ನೆಗರ್‌ಗೂ ಎರಡೆಸಳಿನ ಕವಾಟವೇ. 1997ರಲ್ಲಿ, ಐವತ್ತಕ್ಕೂ ಮೊದಲೇ ಶಸ್ತ್ರಚಿಕಿತ್ಸೆ ಆಯಿತು. ಎರಡೆಸಳಿನವರಲ್ಲಿ ಕಿರಿದಾಗುವುದು ಹತ್ತಿಪ್ಪತ್ತು ವರ್ಷ ಮೊದಲೇ ಶುರುವಾಗುತ್ತದೆ. ಇದು ಕುಟುಂಬದಲ್ಲಿ ಹರಿಯುವುದೂ ಉಂಟು, ಆದ್ದರಿಂದ ಅಪ್ಪನಿಗೋ ಅಣ್ಣನಿಗೋ ಇದೆ ಎಂದು ಗೊತ್ತಾದರೆ ಮನೆಯ ಉಳಿದವರೂ ಒಮ್ಮೆ ಎಕೋ ಮಾಡಿಸುವುದು ಒಳ್ಳೆಯದು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ವಯಸ್ಸು, ಸಿಗರೇಟು, ಸಕ್ಕರೆ ಕಾಯಿಲೆ, ಹಿಡಿತಕ್ಕೆ ಬಾರದ ಬಿಪಿ. ಎಲ್ಲಕ್ಕಿಂತ ಮುಖ್ಯವಾಗಿ ಮೂತ್ರಪಿಂಡದ ಕಾಯಿಲೆ. ಡಯಾಲಿಸಿಸ್‌ನಲ್ಲಿ ಇರುವವರ ಕವಾಟ ಬಹಳ ಬೇಗ ಸುಣ್ಣಗಟ್ಟುತ್ತದೆ. ಇನ್ನೊಂದು, ಲಿಪೊಪ್ರೋಟೀನ್ ‘ಎ’ ಎಂಬ ಕೊಬ್ಬಿನ ಕಣ. ಇದರ ಮಟ್ಟ ಹೆಚ್ಚೂಕಡಿಮೆ ವಂಶವಾಹಿಯಿಂದಲೇ ತೀರ್ಮಾನವಾಗಿರುತ್ತದೆ. ಇದನ್ನು ಹೆಚ್ಚಿಸುವ ವಂಶವಾಹಿ ವ್ಯತ್ಯಾಸಕ್ಕೂ ಕವಾಟದ ಸುಣ್ಣಕ್ಕೂ ಇರುವ ನಂಟು 2013ರಲ್ಲಿ ಖಚಿತವಾಯಿತು. ಸಾಮಾನ್ಯ ಕೊಲೆಸ್ಟರಾಲ್ ಪರೀಕ್ಷೆಯಲ್ಲಿ ಇದು ಬರುವುದಿಲ್ಲ, ಕೇಳಿ ಮಾಡಿಸಬೇಕು. ಜೀವಮಾನದಲ್ಲಿ ಒಂದು ಸಲ ಸಾಕು.

ತಡೆಯುವ ಮಾತ್ರೆ ಇದೆಯೇ? ಸದ್ಯಕ್ಕೆ ಇಲ್ಲ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳ ಮೇಲೆ ದೊಡ್ಡ ಆಸೆ ಇತ್ತು. 2005ರಲ್ಲಿ ಸ್ಕಾಟ್ಲೆಂಡಿನ ಪ್ರಯೋಗ, 2008ರಲ್ಲಿ 1873 ರೋಗಿಗಳ ಇನ್ನೂ ದೊಡ್ಡ ಪ್ರಯೋಗ. ಎರಡರಲ್ಲೂ ಕೊಲೆಸ್ಟರಾಲ್ ಇಳಿಯಿತು, ಕವಾಟ ಮಾತ್ರ ತನ್ನ ಪಾಡಿಗೆ ಬಿಗಿಯುತ್ತಲೇ ಹೋಯಿತು. ಹಾಗೆಂದು ಅಜ್ಜನ ಸ್ಟಾಟಿನ್ ನಿಲ್ಲಿಸಿಬಿಡಬೇಡಿ, ರಕ್ತನಾಳಗಳಿಗೆ ಅದು ಬೇಕು. ವಾಟ್ಸಾಪಿನಲ್ಲಿ ಬರುವ ‘ಕವಾಟದ ಸುಣ್ಣ ಕರಗಿಸುವ ಕಷಾಯ’ಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಮುಂದಕ್ಕೆ ಕಳಿಸದೆ ಅಳಿಸಿಬಿಡಿ.

ಮಕ್ಕಳಿಗೆ ಸಂಬಂಧಿಸಿದ ಒಂದು ದಾರಿಯೂ ಇದೆ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಗಂಟಲುನೋವನ್ನು ಹಾಗೇ ಬಿಟ್ಟರೆ ಕೆಲವು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರವಾಗಿ, ಕೀಲುಗಳು ಊದಿ, ಹೃದಯದ ಕವಾಟಗಳಿಗೆ ಪೆಟ್ಟು ಬೀಳುತ್ತದೆ. ಭಾರತದಲ್ಲಿ ಇದು ಇನ್ನೂ ಪೂರ್ತಿ ಹೋಗಿಲ್ಲ. ನಮ್ಮಲ್ಲಿ ಮೂವತ್ತು ನಲವತ್ತರ ವಯಸ್ಸಿನವರ ಕವಾಟ ಕೆಡುವುದಕ್ಕೆ, ಹೆಚ್ಚಾಗಿ ಪಕ್ಕದ ಮೈಟ್ರಲ್ ಕವಾಟವೂ ಜೊತೆಗೆ ಕೆಡುವುದಕ್ಕೆ, ಇದೇ ಕಾರಣ. ಜ್ವರದ ಜೊತೆ ಗಂಟಲು ಕೆಂಪಾಗಿ ನುಂಗಲು ಆಗದಂತಾದರೆ ಡಾಕ್ಟರಿಗೆ ತೋರಿಸಿ. ಆಂಟಿಬಯಾಟಿಕ್ ಬರೆದುಕೊಟ್ಟರೆ ಎರಡು ದಿನಕ್ಕೆ ಹುಷಾರಾಯಿತೆಂದು ನಿಲ್ಲಿಸದೆ ಪೂರ್ತಿ ಮುಗಿಸಿ.

‘ವಯಸ್ಸಾಯ್ತಲ್ಲ, ಅದಕ್ಕೇ’

ಈ ಕಾಯಿಲೆಯಲ್ಲಿ ನನಗೆ ಅತಿ ಅಪಾಯದ ಮಾತು ಎನಿಸುವುದು ಇದೇ. ಏದುಸಿರು, ನಡೆಯುವಾಗ ಎದೆ ಹಿಡಿದಂತಾಗುವುದು, ತಲೆ ಸುತ್ತಿ ಬೀಳುವುದು: ತೀವ್ರ ಹಂತದಲ್ಲಿ ಈ ಮೂರರಲ್ಲಿ ಒಂದು ಕಾಣಿಸಿಕೊಂಡರೆ ಕಾಯಿಲೆಯ ಓಟವೇ ಬದಲಾಗುತ್ತದೆ. ಕವಾಟ ಬದಲಿಸದಿದ್ದರೆ ಅಲ್ಲಿಂದಾಚೆ ಸರಾಸರಿ ಎರಡರಿಂದ ಐದು ವರ್ಷ ಎಂದು 1968ರಷ್ಟು ಹಿಂದೆಯೇ ರಾಸ್ ಮತ್ತು ಬ್ರೌನ್‌ವಾಲ್ಡ್ ಎಂಬ ಅಮೆರಿಕದ ವೈದ್ಯರು ತೋರಿಸಿದ್ದರು. ಏದುಸಿರು ಬಂದವರಿಗೆ ಉಳಿಯುವುದು ಎಲ್ಲಕ್ಕಿಂತ ಕಡಿಮೆ ಕಾಲ.

ತೊಂದರೆ ಏನೆಂದರೆ ಹಿರಿಯರು ಲಕ್ಷಣವನ್ನು ಹೇಳುವುದಿಲ್ಲ, ಅದರಿಂದ ತಪ್ಪಿಸಿಕೊಳ್ಳುತ್ತಾರೆ. ಏದುಸಿರು ಬರುತ್ತದೆಂದು ಮಹಡಿ ಹತ್ತುವುದನ್ನು ಬಿಡುತ್ತಾರೆ. ಮಹಡಿ ಹತ್ತದಿರುವುದರಿಂದ ಏದುಸಿರು ಬರುವುದಿಲ್ಲ. ‘ನನಗೇನೂ ತೊಂದರೆ ಇಲ್ಲ’ ಎನ್ನುತ್ತಾರೆ. ಸುಳ್ಳಲ್ಲ ಅದು. ಆದ್ದರಿಂದ ‘ಹೇಗಿದ್ದೀರಿ’ ಎಂದು ಕೇಳಬೇಡಿ, ‘ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದೀರಿ’ ಎಂದು ಕೇಳಿ. ಹೋದ ಸಲ ಬಂದಾಗ ಮತ್ರಾದ ಕೋಟೆಯ ಮೆಟ್ಟಿಲು ಹತ್ತಿದ್ದ ಅಜ್ಜಿ ಈ ಸಲ ‘ನೀವು ಹೋಗಿ ಬನ್ನಿ, ನಾನು ಇಲ್ಲೇ ಸಮುದ್ರ ನೋಡುತ್ತಾ ಕೂರುತ್ತೇನೆ’ ಎಂದರೆ ಮೊಣಕಾಲು ನೋವೇ ಇರಬಹುದು, ಉಸಿರೂ ಇರಬಹುದು. ಇದನ್ನು ಮೊದಲು ಗಮನಿಸುವವರು ಮಕ್ಕಳೇ. ನೀವು ಅಜ್ಜನ ಕೈ ಹಿಡಿದು ನಡೆಯುವವರು, ಅವರು ನಡುವೆ ಎಷ್ಟು ಸಲ ನಿಂತರು ಎಂದು ನಿಮಗೆ ಗೊತ್ತು. ಅಮ್ಮನಿಗೆ ಹೇಳಿ, ಅದು ಚಾಡಿ ಹೇಳಿದಂತಲ್ಲ.

ಬೇಸಿಗೆಯಲ್ಲಿ ಬರುವವರ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಜೂನ್ ತಿಂಗಳ ಇಲ್ಲಿನ ಬಿಸಿಲಲ್ಲಿ ಮೈಯ ನೀರು ಆರಿ, ರಕ್ತನಾಳಗಳು ಸಡಿಲಗೊಂಡು ಬಿಪಿ ಇಳಿಯುತ್ತದೆ. ಕಿರಿದಾದ ಕವಾಟದ ಹಿಂದಿರುವ ಹೃದಯ ಅದಕ್ಕೆ ತಕ್ಕಂತೆ ಹೆಚ್ಚು ರಕ್ತ ನೂಕಲಾರದು. ಅಂಥವರು ತಲೆ ಸುತ್ತಿ ಬಿದ್ದರೆ ‘ಬಿಸಿಲಿಗೆ ಆಗಿರಬೇಕು’ ಎಂದು ಸುಮ್ಮನಾಗಬೇಡಿ.

ಮುಂದೇನು?

ಸಾಮಾನ್ಯವಾಗಿ ಸೌಮ್ಯ ಹಂತದವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ, ಮಧ್ಯಮದವರಿಗೆ ಒಂದೆರಡು ವರ್ಷಕ್ಕೊಮ್ಮೆ, ತೀವ್ರ ಹಂತದಲ್ಲಿದ್ದು ಲಕ್ಷಣ ಇಲ್ಲದವರಿಗೆ ಆರು ತಿಂಗಳಿಂದ ವರ್ಷಕ್ಕೊಮ್ಮೆ ಎಕೋ ಬೇಕು. ಊರಲ್ಲಿದ್ದರೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ, ಮೈಸೂರು ಮತ್ತು ಕಲಬುರಗಿಯ ಅದರ ಆಸ್ಪತ್ರೆಗಳು ಇವೆ; ಜಿಲ್ಲಾ ಕೇಂದ್ರಗಳಲ್ಲೂ ಈಗ ಎಕೋ ಮಾಡುತ್ತಾರೆ. ಇಲ್ಲಿಗೆ ಕರೆತರುವ ಮೊದಲು ಅಲ್ಲೇ ಮಾಡಿಸುವುದು ಜಾಣತನ, ಏಕೆಂದರೆ ಸಂದರ್ಶಕರ ವಿಮೆಗಳಲ್ಲಿ ಮೊದಲೇ ಇದ್ದ ಕಾಯಿಲೆಯ ಖರ್ಚನ್ನು ಹೊರಗಿಡುವುದು ಸಾಮಾನ್ಯ. ಪಾಲಿಸಿಯ ಸಣ್ಣಕ್ಷರ ಓದಿ. ಎಲ್ಲ ರಿಪೋರ್ಟುಗಳ ಫೋಟೋ ತೆಗೆದು ದಿನಾಂಕದ ಹೆಸರಿಟ್ಟು ಮಕ್ಕಳ ಕೈಯಲ್ಲೇ ಒಂದು ಫೋಲ್ಡರ್ ಮಾಡಿಸಿ. ಈ ಕೆಲಸ ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಬದಲಿಸುವ ಕಾಲ ಬಂದರೆ ದಾರಿಗಳು ಎರಡು. ಎದೆ ತೆರೆದು ಹೊಸ ಕವಾಟ ಹೊಲಿಯುವುದು ಒಂದು. ತೊಡೆಯ ರಕ್ತನಾಳದಿಂದ ಮಡಚಿದ ಕವಾಟವನ್ನು ತೂರಿಸಿ ಹಳೆಯದರೊಳಗೇ ಅರಳಿಸುವುದು ಇನ್ನೊಂದು. ರಕ್ತನಾಳದ ಮೂಲಕ ಕವಾಟ ಕೂರಿಸುವ ಈ ವಿಧಾನವನ್ನು ಫ್ರಾನ್ಸಿನ ರೂವಾನಲ್ಲಿ ಅಲೆನ್ ಕ್ರಿಬಿಯೆ 2002ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಮಾಡಿದರು. ಇದನ್ನು ಟಾವಿ ಎನ್ನುತ್ತಾರೆ. ಭಾರತದಲ್ಲೂ ಈಗ ನಡೆಯುತ್ತದೆ, ಖರ್ಚು ಇನ್ನೂ ಹೆಚ್ಚು.

ಮೊದಲನೆಯ ದಾರಿಯಲ್ಲಿ ನಮ್ಮ ಪಕ್ಕದವರದೇ ಒಂದು ದೊಡ್ಡ ಕೆಲಸ ಇದೆ. ಎಪ್ಪತ್ತರ ದಶಕದಲ್ಲಿ ಹೊರದೇಶದ ಕವಾಟದ ಬೆಲೆ ನಮ್ಮ ಬಡವರಿಗೆ ಎಟುಕುತ್ತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್ ಮತ್ತು ಅವರ ಎಂಜಿನಿಯರುಗಳು ಸ್ವದೇಶಿ ಕವಾಟ ಮಾಡಲು ಹೊರಟರು. ಮೊದಲ ಮಾದರಿಗಳು ಪ್ರಯೋಗದ ಹಂತದಲ್ಲೇ ಸೋತವು. ನಾಲ್ಕನೆಯದು ನಿಂತಿತು: ಲೋಹದ ಚೌಕಟ್ಟು, ಅದರೊಳಗೆ ವಾಲಿ ತೆರೆಯುವ ಪ್ಲಾಸ್ಟಿಕ್ ಬಿಲ್ಲೆ. 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ರೋಗಿಗೆ ಅಳವಡಿಸಿದರು. ಟಿಟಿಕೆ ಚಿತ್ರಾ ಎಂಬ ಹೆಸರಿನ ಆ ಕವಾಟ ಆಮದಿನದಕ್ಕಿಂತ ಎಷ್ಟೋ ಅಗ್ಗ. ವಲಿಯತ್ತಾನ್ 1993ರಲ್ಲಿ ನಮ್ಮ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು, ಕೊನೆಯವರೆಗೂ ಅಲ್ಲೇ ನೆಲೆಸಿದ್ದು 2024ರ ಜುಲೈನಲ್ಲಿ ತೀರಿಕೊಂಡರು.

ಇಂಥ ಯಾಂತ್ರಿಕ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ಪ್ರಾಣಿಜನ್ಯ ಅಂಗಾಂಶದ ಕವಾಟಕ್ಕೆ ಸಾಮಾನ್ಯವಾಗಿ ಆ ಕಟ್ಟುಪಾಡಿಲ್ಲ, ಆದರೆ ಹತ್ತು ಹದಿನೈದು ವರ್ಷದಲ್ಲಿ ಸವೆಯುತ್ತದೆ. ಯಾವುದು ಒಳ್ಳೆಯದು ಎಂಬುದು ವಯಸ್ಸಿನ ಮೇಲೆ, ಮಾತ್ರೆಯ ಶಿಸ್ತು ಪಾಲಿಸಬಲ್ಲರೇ ಎಂಬುದರ ಮೇಲೆ ಹೋಗುತ್ತದೆ. ಮಕ್ಕಳೇ, ನಿಮ್ಮ ಅಜ್ಜಿಗೆ ಯಾಂತ್ರಿಕ ಕವಾಟ ಇದ್ದು, ರಾತ್ರಿ ಎಸಿ ನಿಂತ ನಿಶ್ಶಬ್ದದಲ್ಲಿ ಅವರ ಪಕ್ಕ ಮಲಗಿದರೆ ಗಡಿಯಾರದಂತೆ ಮೆಲ್ಲಗೆ ಟಿಕ್ ಟಿಕ್ ಎಂದು ಕೇಳಿಸಬಹುದು. ಹೆದರಬೇಡಿ, ಅದು ಬಾಗಿಲು ಮುಚ್ಚುವ ಸದ್ದು.